ಕರಗುವ ಕಡ್ಡಿ, ಉಳಿಯುವ ಕಡ್ಡಿ

ಹೊಲಿಗೆ ಅಂಗಡಿಯ ಅಕ್ಕನ ಎಡಗಣ್ಣು ಉರಿಯೂತಕ್ಕೆ ಸಿಕ್ಕು ಆಗಲೇ ಕೈಕೊಟ್ಟಿತ್ತು. ಉಳಿದದ್ದು ಬಲಗಣ್ಣು ಒಂದೇ, ಅದರೊಳಗೂ ಈಗ ಅದೇ ಕಾಟ. ಆದರೂ ಆಸ್ಪತ್ರೆಯ ಕುರ್ಚಿಯಲ್ಲಿ ಕೂತದ್ದು ಮಾತ್ರ ಅಳತೆ ಕೊಡಲು ಬಂದ ಗಿರಾಕಿಯ ಠೀವಿಯಲ್ಲಿ. ಪಕ್ಕದಲ್ಲಿ ತಂಗಿ ಚೀಲವನ್ನು ಅವುಚಿಕೊಂಡು ಕೂತಿದ್ದಳು.

"ಕಣ್ಣೊಳಗೆ ಇಡೋ ಔಷಧಿ ಕಡ್ಡಿ ಎರಡು ಥರ," ಎಂದರು ಡಾಕ್ಟ್ರಮ್ಮ. "ಎರಡರಲ್ಲೂ ಸ್ಟೀರಾಯ್ಡೇ. ನಿಮಗೆ ಹೋದ ಸಲ ಹಾಕಿದ್ದು ಕೆಲವು ತಿಂಗಳಲ್ಲಿ ತಾನೇ ಕರಗುತ್ತೆ. ಇನ್ನೊಂದು ಕರಗಲ್ಲ, ಮೂರು ವರ್ಷದವರೆಗೂ ಚೂರುಚೂರೇ ಔಷಧಿ ಬಿಡುತ್ತೆ. ಯಾವುದರಿಂದಲಾದ್ರೂ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಕರಗದೇ ಇರೋದನ್ನ ಹಾಕೋಕೆ ಮುಂಚೆ ಹತ್ತು ಸಲ ಯೋಚಿಸ್ಬೇಕು. ಎರಡನೇ ತಿಂಗಳಾದ ಮೇಲೆ ನೀವು ತೋರಿಸೋಕೇ ಬರಲಿಲ್ಲ. ಎಷ್ಟು ದಿನ ಚೆನ್ನಾಗಿ ಕಾಣಿಸ್ತು?"

"ಆರು ತಿಂಗಳು!" ಎಂದಳು ಅಕ್ಕ. "ದಿನಾ ಸಂಜೆ ಹನ್ನೆರಡು ಸೂಜಿಗೆ ದಾರ ಪೋಣಿಸಿಟ್ಟೇ ನಾನು ಅಂಗಡಿ ಮುಚ್ಚೋದು. ಬೆಳಗ್ಗೆ ನೋಡಿದ್ರೆ ಒಂದೂ ತಪ್ಪಿರಲ್ಲ."

"ಹಾಗಿದ್ರೆ ಕರಗೋದೇ ಸಾಕು. ಬೇಗಬೇಗ ಕೆರಳೋ ಕಣ್ಣಿಗೆ ಇನ್ನೊಂದು. ಕೆರಳಿದಾಗಲೆಲ್ಲ ಸ್ವಲ್ಪ ದೃಷ್ಟಿ ಹೋಗುತ್ತೆ, ಹೋದದ್ದು ವಾಪಸ್ ಬರಲ್ಲ."

ನಿಜ ಗೊತ್ತಿದ್ದದ್ದು ತಂಗಿಗೆ ಮಾತ್ರ. ಮೂರನೇ ತಿಂಗಳಿಂದಲೇ ದಾರ ಸೂಜಿಯ ಕಣ್ಣನ್ನು ಬಿಟ್ಟು ಪಕ್ಕದಲ್ಲಿ ಹಾದು ಸೂಜಿ ಚುಚ್ಚಿಡುವ ಮೆತ್ತೆಯ ಮೇಲೆ ಬಿದ್ದಿರುತ್ತಿತ್ತು. ಅವಳು ಬೆಳಗ್ಗೆ ಅಕ್ಕನಿಗಿಂತ ಅರ್ಧ ಗಂಟೆ ಮೊದಲೇ ಅಂಗಡಿಗೆ ಬಂದು, ಬಾಗಿಲು ಓರೆ ಮಾಡಿಕೊಂಡು, ಎಲ್ಲವನ್ನೂ ಸರಿಯಾಗಿ ಪೋಣಿಸಿಡುತ್ತಿದ್ದಳು. ಅಕ್ಕನ ಮನಸ್ಸು ನೋಯಬಾರದೆಂದು ಮಾಡಿದ ಉಪಕಾರ ಅಕ್ಕನ ಕಣ್ಣಿಗೇ ಮುಳುವಾಗಲಿತ್ತು.

"ಆರಲ್ಲ ಡಾಕ್ಟ್ರೇ, ಮೂರಕ್ಕೇ ಮಂಜಾಗಿತ್ತು," ಎಂದು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಬಿಟ್ಟಳು.

ಅಕ್ಕ ನಿಧಾನವಾಗಿ ತಿರುಗಿದಳು. "ಎಷ್ಟು ಸೂಜಿ?"

"ಮೊದಲು ಎರಡು. ಆಮೇಲಾಮೇಲೆ... ಹನ್ನೆರಡೂ."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ ನಿಂಗೆ?"

"ನೀನು ಕತ್ತರಿ ಕೆಳಗಿಟ್ಟುಬಿಡ್ತೀಯ ಅಂತ."

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಬೈಗುಳಕ್ಕೆ ಸಿದ್ಧಳಾಗಿ ತಂಗಿ ಕಣ್ಣು ಮುಚ್ಚಿದಳು. ಬೈಗುಳ ಬರಲಿಲ್ಲ. ತಡವರಿಸುತ್ತ ಒಂದು ಕೈ ಬಂದು ಅವಳ ಕೈ ಹಿಡಿಯಿತು.

"ಮೂರು ವರ್ಷ ಕಣ್ಣೊಳಗೇ ಇರುತ್ತಂತೆ. ಭಯ ಆಗ್ತಿದೆ ಕಣೇ."

ಆ ಬಾಯಿಂದ ಆ ಮಾತನ್ನು ತಂಗಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ನಂಗೂ," ಎಂದಳು. ಡಾಕ್ಟ್ರಮ್ಮ ಅವಸರ ಮಾಡಲಿಲ್ಲ.

ಕೊನೆಗೆ ಅಕ್ಕ ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು. "ಒತ್ತಡ ನೋಡಿ ಡಾಕ್ಟ್ರೇ. ಪರವಾಗಿಲ್ಲ ಅಂದ್ರೆ ಉಳಿಯೋದನ್ನೇ ಹಾಕಿ. ಎಷ್ಟು ಕಾಣಿಸುತ್ತೆ ಅಂತ ಇನ್ನು ನನ್ನ ಕೇಳಬೇಡಿ, ನಾನು ಜಂಬ ಕೊಚ್ಚಿಕೊಳ್ತೀನಿ. ಇವಳನ್ನ ಕೇಳಿ."