ರಜೆಯ ವಾರದ ಐದು ಸೀಟು

ಅಣ್ಣನ ಮದುವೆ ಗೊತ್ತಾಯಿತು ಎಂದು ಕೇಳಿದಾಗ ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸ್ ಉಜ್ಜುವ ಯಂತ್ರದ ಪಕ್ಕದಲ್ಲೇ ಒಂದು ಸುತ್ತು ಕುಣಿದುಬಿಟ್ಟಿದ್ದಳು. ಅಣ್ಣನಿಗೆ ನಲವತ್ತೊಂಬತ್ತು. ಹಡಗಿನಲ್ಲಿ ಅಡುಗೆಯವನಾಗಿ ಹೋದವನು ಯಾವುದೋ ದೇಶದ ಬಂದರಿನಲ್ಲಿ ಇಳಿದು, ಅಲ್ಲೇ ಒಂದು ಬೇಕರಿ ಇಟ್ಟುಕೊಂಡು ಕೂತುಬಿಟ್ಟಿದ್ದ. ಮದುವೆಯ ಮಾತೆತ್ತಿದರೆ ಸಾಕು, ಫೋನಿನಲ್ಲಿ ಏನೂ ಕೇಳಿಸದವನಂತೆ "ಹಲೋ, ಹಲೋ" ಅನ್ನುತ್ತಿದ್ದವನು. ಅವನೇ ಈಗ ತಾನಾಗಿ ಫೋನ್ ಮಾಡಿದ್ದ.

"ನಮ್ಮ ಬೇಕರೀಲಿ ಕೇಕ್ ಮೇಲೆ ಹೂ ಬಿಡಿಸ್ತಾಳೆ ಅಂತ ಹೇಳಿದ್ನಲ್ಲ, ಅವಳನ್ನೇ. ನೀವೆಲ್ಲ ಬರ್ಬೇಕು. ಅಪ್ಪನ್ನ ಬಿಟ್ಟು ಬಂದ್ರೆ ಒಳಗೇ ಸೇರಿಸಲ್ಲ. ನಿನ್ನ ಮಕ್ಕಳ ಶಾಲೆ ರಜೆ ನೋಡ್ಕೊಂಡೇ ದಿನ ಇಟ್ಟಿದೀನಿ, ಆಯ್ತಾ?"

ಕುಣಿತ ಮಧ್ಯಾಹ್ನದ ಊಟದ ಹೊತ್ತಿಗೆ ನಿಂತಿತು. ಊಟದ ಡಬ್ಬಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಆ ವಾರದ ವಿಮಾನದ ದರ ನೋಡಿದಳು. ಅವಳು, ಗಂಡ, ಅಪ್ಪ, ಮಗಳು, ಮಗ. ಒಟ್ಟು ಐದು ಜನ. ಒಬ್ಬರ ಟಿಕೆಟ್ಟಿಗೆ ಅವಳ ಎರಡು ತಿಂಗಳ ಸಂಬಳ. ಕಣ್ಣು ತಪ್ಪಿರಬೇಕು ಎಂದು ಮತ್ತೆ ನೋಡಿದಳು. ಅಷ್ಟರಲ್ಲಿ ಇನ್ನೂ ಸ್ವಲ್ಪ ಏರಿತ್ತು.

ಅವಳಿಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಅಂಗಡಿಯ ಯಜಮಾನರೇ ಅವಳನ್ನು "ಮೆಣಸಿನಕಾಯಿ" ಎಂದು ಕರೆಯುತ್ತಿದ್ದರು, ಅವಳಿಗೆ ಕೇಳಿಸದಷ್ಟು ದೂರ ಹೋದ ಮೇಲೆ. ಆದರೆ ಬೈಯಲು ಎದುರಿಗೆ ಒಂದು ಮುಖವಾದರೂ ಇರಬೇಕಲ್ಲ. ಫೋನಿನ ಪರದೆಗೆ ಏನೆಂದು ಬೈಯುವುದು? ಬಸ್ಸಿನಲ್ಲಿ ನೋಡಿದಳು, ಹಾಲು ಕಾಯಿಸುತ್ತಾ ನೋಡಿದಳು, ಮಗನ ಹಲ್ಲು ಕೀಳಿಸಲು ಹೋದಾಗ ಡಾಕ್ಟರರ ಬಾಗಿಲಲ್ಲಿ ಕೂತು ನೋಡಿದಳು. ಒಂದು ಸೀಟು ಎಂದು ಹಾಕಿದರೆ ಒಂದು ದರ. ಮೂರು ಎಂದರೂ ಅದೇ. ಐದು ಎಂದರೆ ಐದಕ್ಕೂ ದರ ಏರಿ ಕೂರುತ್ತಿತ್ತು. ಅಗ್ಗದ ಸೀಟು ಮೂರೇ ಇದ್ದರೆ ಐವರಿಗೂ ದುಬಾರಿಯದನ್ನೇ ತೋರಿಸುವುದು ವಿಮಾನ ಕಂಪನಿಯವರ ಲೆಕ್ಕ. ಇದನ್ನು ಕಂಡುಹಿಡಿಯಲು ಅವಳಿಗೆ ಒಂದು ವಾರ ಹಿಡಿಯಿತು. ಸರಿ, ಮೂರು ಬೇರೆ, ಎರಡು ಬೇರೆ ತೆಗೆಯೋಣ ಎಂದು ಹೊರಟರೆ ಪೆಟ್ಟಿಗೆಗೆ ಬೇರೆ ದುಡ್ಡು, ಊಟಕ್ಕೆ ಬೇರೆ ದುಡ್ಡು, ಕೊನೆಗೆ ಅಕ್ಕಪಕ್ಕ ಕೂರುವುದಕ್ಕೂ ಬೇರೆ ದುಡ್ಡು.

"ನಾನು ಹೆತ್ತ ಮಗು ನನ್ನ ಪಕ್ಕ ಕೂರೋಕೆ ಇವರಿಗ್ಯಾಕೆ ಕೊಡ್ಬೇಕ್ರೀ?" ಎಂದು ಗಂಡನ ಮೇಲೆ ಹಾರಿದಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಜಿನ್ ಎಷ್ಟೇ ಅರಚಿದರೂ ಕಿವಿಗೊಟ್ಟು ಕೇಳುವುದು ಅವನ ಕೆಲಸ. ಮನೆಯಲ್ಲೂ ಅದೇ ಅಭ್ಯಾಸ. "ಕೊಡ್ಬಾರ್ದು," ಎಂದ.

ತೀರಾ ಅಗ್ಗದ್ದೂ ಒಂದಿತ್ತು. ಎರಡು ಕಡೆ ಇಳಿದು ಹತ್ತಬೇಕು, ನಡುವೆ ಒಂದು ವಿಮಾನ ನಿಲ್ದಾಣದಲ್ಲಿ ಹನ್ನೊಂದು ಗಂಟೆ ಕುರ್ಚಿಯ ಮೇಲೆ ಕಾಯಬೇಕು. ಅಪ್ಪನಿಗೆ ಎಪ್ಪತ್ತೆಂಟು. ಬಲಮೊಣಕಾಲು ಅರ್ಧ ಗಂಟೆ ಮಡಚಿದರೆ ಮತ್ತೆ ಬಿಡಿಸಲು ಇಬ್ಬರು ಬೇಕು. ಅದನ್ನು ತಿಳಿದ ಅಪ್ಪ ಮೆಲ್ಲಗೆ, "ನಾನು ಬರಲ್ಲಮ್ಮ. ನೀವು ಹೋಗ್ಬನ್ನಿ. ಫೋನಲ್ಲಿ ತೋರ್ಸಿದ್ರೆ ಆಯ್ತು," ಎಂದರು.

"ಇರೋ ಒಬ್ಬ ಮಗನ ಮದುವೆ ಫೋನಲ್ಲಿ ನೋಡ್ತೀರಾ? ನಿಮಗೆ ಬೇಡ ಅಂದ್ರೆ ನಾನೂ ಹೋಗಲ್ಲ, ಯಾರೂ ಹೋಗೋದು ಬೇಡ!" ಎಂದು ಅವಳು ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಅಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಆ ಪತ್ರಿಕೆ ತಲೆಕೆಳಗಾಗಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು. ಅಳು ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆಗಲೇ ಭಾವ ನೆರವಿಗೆ ಬಂದದ್ದು. ಗಂಡನ ದೊಡ್ಡಪ್ಪನ ಮಗ. ಪೇಟೆ ಬೀದಿಯಲ್ಲಿ ಟ್ರಾವೆಲ್ಸ್ ಆಫೀಸು ಇಟ್ಟುಕೊಂಡಿದ್ದವನು, ಮಾತು ಮಾತ್ರ ಬೆಣ್ಣೆ. "ಮನೇಲಿ ನಾನು ಇರೋವಾಗ ನೀನ್ಯಾಕಮ್ಮ ಫೋನು ತಿಕ್ಕಿ ತಿಕ್ಕಿ ಬೆರಳು ಸವೆಸ್ಕೋತೀಯಾ? ಗುಂಪಿಗೆ ಅಂತ ಹತ್ತು ಸೀಟು ಹಳೇ ದರದಲ್ಲಿ ಹಿಡಿದಿಟ್ಟಿದೀನಿ. ಐದು ನಿಮ್ದು. ನೇರ ವಿಮಾನ. ಅಪ್ಪಂಗೆ ಕಾಲು ಚಾಚೋ ಸೀಟು. ನಿಶ್ಚಿಂತೆಯಾಗಿ ಮಲ್ಕೋ," ಎಂದ.

ಅವಳು ಪಾಸ್‌ಪೋರ್ಟುಗಳ ನಕಲು ಕೊಟ್ಟಳು, ಮುಂಗಡ ಕೊಟ್ಟಳು, ನಿಶ್ಚಿಂತೆಯಾಗಿ ಮಲಗಿದಳು. ದರ ನೋಡುವುದನ್ನೂ ಬಿಟ್ಟಳು. ಎರಡು ವಾರವಾದ ಮೇಲೆ ಟಿಕೆಟ್ ಕೇಳಿದರೆ "ಇವತ್ತು ಸಾಯಂಕಾಲ" ಎಂದ. ಮರುದಿನ "ಸರ್ವರ್ ಇಲ್ಲ" ಎಂದ. ಅದರ ಮರುದಿನ ಫೋನ್ ಎತ್ತಲಿಲ್ಲ. ಮೂರನೆಯ ವಾರ ಮುಗಿಯುವ ಹೊತ್ತಿಗೆ, ಕೆಲಸದ ನಡುವೆ ಅವನಿಂದ ಒಂದು ಸಂದೇಶ ಬಂತು: ಸೀಟು ಕೈತಪ್ಪಿತು, ಬೇಜಾರು ಮಾಡ್ಕೋಬೇಡ, ಮುಂಗಡ ಪೂರ್ತಿ ವಾಪಸ್ ಕೊಡ್ತೀನಿ.

ಅದನ್ನು ಓದುವಾಗ ಅವಳ ಕೈ ಯಂತ್ರದ ಮೇಲಿತ್ತು. ಕಲ್ಲು ತಿರುಗುತ್ತಲೇ ಇತ್ತು. ಲೆನ್ಸಿನ ಅಂಚು ಒಂದು ಕೂದಲೆಳೆಯಷ್ಟು ಹೆಚ್ಚು ಸವೆದರೂ ಅದು ಫ್ರೇಮಿನಲ್ಲಿ ನಿಲ್ಲುವುದಿಲ್ಲ. ಇದೋ ಬೆರಳ ದಪ್ಪ ಸವೆದುಹೋಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯಿಂದ ಇಂಥದ್ದು ಆಗಿರಲಿಲ್ಲ. ಅದು ಒಬ್ಬ ಟೈಲರ್ ಅಜ್ಜನ ಲೆನ್ಸು. ಪವರ್ ಜಾಸ್ತಿ ಎಂದು ಹೊರಗಿನಿಂದ ತರಿಸಿದ್ದು, ಬರಲು ಹನ್ನೆರಡು ದಿನ ಹಿಡಿದಿತ್ತು. ಅಜ್ಜ ಮುಂದಿನ ಕುರ್ಚಿಯಲ್ಲಿ ಕಾಯುತ್ತಿದ್ದ. ಯಜಮಾನರು ಬಾಯಿ ತೆರೆಯುವ ಮೊದಲೇ ಅವಳೇ ಎದ್ದುಹೋಗಿ ಹೇಳಿದಳು.

"ತಪ್ಪು ನಂದೇ, ಅಜ್ಜ. ಮತ್ತೆ ತರಿಸ್ಬೇಕು."

ಅಜ್ಜ ಬೈಯಲಿಲ್ಲ. "ಇನ್ನೂ ಹನ್ನೆರಡು ದಿನ ಸೂಜಿಗೆ ದಾರ ಹಾಕೋಕೆ ಪಕ್ಕದ ಅಂಗಡಿಯವರನ್ನೇ ಕರೀಬೇಕು ಅನ್ನು," ಎಂದು ಹಳೇ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು ಹೋದ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. "ಒಂದು ಗಂಟೆ ಬಿಡಿ," ಎಂದಳು. ಯಜಮಾನರು ಅವಳ ಮುಖ ನೋಡಿ, "ಎರಡು ತಗೋ," ಎಂದರು.

ಭಾವನ ಆಫೀಸಿನಲ್ಲಿ ಗೋಡೆಯ ತುಂಬಾ ನೀಲಿ ಸಮುದ್ರ. ಮೇಜಿನ ಮೇಲೆ ತಿರುಗಿಸಿದರೆ ತಿರುಗುವ ಭೂಮಿ. ಎದುರಿಗೆ ಹೊಸದಾಗಿ ಮದುವೆಯಾದಂತಿದ್ದ ಜೋಡಿಯೊಂದು ಕೂತಿತ್ತು. ಭಾವ ಅವಳನ್ನು ಕಂಡವನೇ ಡ್ರಾಯರಿನಿಂದ ಲಕೋಟೆ ತೆಗೆದ, ಮೊದಲೇ ಸಿದ್ಧ ಮಾಡಿಟ್ಟಿದ್ದವನಂತೆ.

"ಬಾಮ್ಮ, ಬಾ. ಪೂರ್ತಿ ಇದೆ, ಎಣಿಸ್ಕೋ."

"ಸೀಟು ಯಾರಿಗೆ ಕೊಟ್ರಿ?"

"ಕೊಟ್ಟೆ ಅಂತಲ್ಲ, ಸಿಸ್ಟಂನಲ್ಲಿ..."

"ಭಾವ. ಯಾರಿಗೆ ಕೊಟ್ರಿ?"

ಭಾವ ಜೋಡಿಯ ಕಡೆ ನೋಡಿ ನಕ್ಕ. ದನಿ ತಗ್ಗಿಸಿದ. "ನೋಡಮ್ಮ, ಒಂದು ಕಂಪನಿಯವರು ಹತ್ತೂ ಒಟ್ಟಿಗೆ ಕೇಳಿದ್ರು. ರಜೆ ವಾರ, ಕೇಳಿದ ರೇಟು ಕೊಡ್ತಾರೆ. ವರ್ಷದಲ್ಲಿ ನಾಲ್ಕು ಕಾಸು ನೋಡೋದು ನಾವು ಇಂಥ ವಾರದಲ್ಲೇ. ಮನೆಯವರಾದ್ರೆ ಅರ್ಥ ಮಾಡ್ಕೋತೀರಿ ಅಂತ..."

"ಅರ್ಥ ಆಯ್ತು," ಎಂದಳು. "ಹೊರಗಿನವರಾದ್ರೆ ಜಗಳ ಆಡ್ತಾರೆ, ಮನೆಯವರಾದ್ರೆ ಅರ್ಥ ಮಾಡ್ಕೋತಾರೆ. ಅದಕ್ಕೇ ಮನೆಯವರ ಕತ್ತು ಕೊಯ್ಯೋದು ಸುಲಭ. ಮೂರು ವಾರ ಭಾವ! ಆಗಲ್ಲ ಅಂದಿದ್ರೆ ಆವತ್ತಿನ ರೇಟಲ್ಲಿ ನಾನೇ ತಗೋತಿದ್ದೆ. ನಿಮ್ಮನ್ನ ನಂಬಿ ಕಣ್ಣು ಮುಚ್ಚಿ ಕೂತೆ. ಅಪ್ಪಂಗೆ ಕಾಲು ಚಾಚೋ ಸೀಟು ಅಂತ ಬೇರೆ ಹೇಳಿದ್ರಿ. ಅವರು ಅದನ್ನ ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡು ಬಂದಿದಾರೆ, ಗೊತ್ತಾ?"

"ಮೆಲ್ಲಗೆ ಮಾತಾಡಮ್ಮ, ಗಿರಾಕಿಗಳಿದಾರೆ."

ಅವಳು ಆ ಜೋಡಿಯ ಕಡೆ ತಿರುಗಿದಳು. "ನಿಮ್ಮ ಸೀಟು ಎಷ್ಟು ದಿನ ನಿಮ್ಮದಾಗಿರುತ್ತೆ ಅಂತ ಕಾಗದದ ಮೇಲೆ ಬರೆಸ್ಕೊಳ್ಳಿ. ಸಹಿ ಹಾಕಿಸ್ಕೊಳ್ಳಿ. ನಾನು ಇವರ ತಮ್ಮನ ಹೆಂಡತಿ, ನನಗೇ ಹೀಗೆ."

ಹುಡುಗಿ ಗಂಡನ ಮುಖ ನೋಡಿದಳು. ಗಂಡ ಮೇಜಿನ ಮೇಲಿದ್ದ ತನ್ನ ಕಾಗದಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳತೊಡಗಿದ. ಅವಳು ಲಕೋಟೆ ಎತ್ತಿಕೊಂಡು ಹೊರಗೆ ಬಂದಳು.

ಫುಟ್‌ಪಾತಿನ ಮೇಲೆ ಬಿಸಿಲು ರಾಚುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು. ಯಾರಿಗಾದರೂ ಪೂರ್ತಿ ಬೈಯದೆ ಈ ಉರಿ ಇಳಿಯುವುದಿಲ್ಲ ಅನಿಸಿ ಅಲ್ಲೇ ನಿಂತು ಅಣ್ಣನಿಗೆ ಫೋನ್ ಹಚ್ಚಿದಳು. ಅವನು ಎತ್ತಿದ ಕೂಡಲೇ ಶುರುಮಾಡಿದಳು.

"ಪ್ರಪಂಚದಲ್ಲಿರೋ ಎಲ್ಲರೂ ಹಾರೋ ವಾರದಲ್ಲೇ ಬೇಕಿತ್ತಾ ನಿನಗೆ ಮದುವೆ? ನಲವತ್ತೊಂಬತ್ತು ವರ್ಷ ಕಾದವನಿಗೆ ಇನ್ನು ಒಂದು ತಿಂಗಳು ಕಾಯೋಕೆ ಆಗ್ತಿರ್ಲಿಲ್ವಾ? ನಾವು ಬರಲ್ಲ. ಬರೋಕೆ ಆಗಲ್ಲ. ನಮ್ಮ ಹತ್ರ ಅಷ್ಟು ಇಲ್ಲ, ತಿಳೀತಾ? ಇಲ್ಲ!"

ಅತ್ತ ಕಡೆಯಿಂದ ತಟ್ಟೆಗಳನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅಣ್ಣ ಕೇಳಿದ: "ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನಮಗೋಸ್ಕರ ದಿನ ಇಟ್ಟೆ ಅಂದ್ಯಲ್ಲ!"

"ಹೌದು ಕಣೇ, ನಿಮಗೋಸ್ಕರಾನೇ! ರಜೆ ವಾರ ಅಂದ್ರೆ ನಮ್ಮ ಬೇಕರಿಗೆ ಸುಗ್ಗಿ. ವರ್ಷದ ಅರ್ಧ ವ್ಯಾಪಾರ ಆ ವಾರವೇ ಆಗೋದು. ಅಂಥ ವಾರ ಬಾಗಿಲು ಮುಚ್ಚಿ ಮದುವೆ ಆಗ್ತೀನಿ ಅಂತ ಇವಳ ಹತ್ರ ದಿನಾ ಬೈಸ್ಕೋತಿದೀನಿ. ನಿನ್ನ ಮಕ್ಕಳ ಪಾಠ ತಪ್ಪಿದ್ರೆ ನೀನು ನನ್ನ ಸುಲಿದು ಹಾಕ್ತೀಯ ಅಂತ ಹೆದರಿ ಇಟ್ಟ ದಿನ ಅದು! ಒಂದು ಮಾತು ಹೇಳಿದ್ರೆ ಆವತ್ತೇ ಬದಲಾಯಿಸ್ತಿದ್ದೆ."

ಎರಡೂವರೆ ತಿಂಗಳು. ಅಪ್ಪನ ಮೇಲೆ ಕೂಗಿದ್ದು, ಟೈಲರ್ ಅಜ್ಜನ ಲೆನ್ಸು, ಭಾವನ ಹತ್ತಿರ ಕೈಯೊಡ್ಡಿದ್ದು. ಎಲ್ಲ "ನಮಗೆ ಕಷ್ಟ" ಎಂಬ ಎರಡು ಮಾತು ಗಂಟಲಿನಿಂದ ಹೊರಡದೆ ಹೋದದ್ದಕ್ಕೆ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನಿಸಿತು. ಅದನ್ನು ಅಣ್ಣನ ಎದುರು ಒಪ್ಪಿಕೊಳ್ಳುವಷ್ಟು ಮಾತ್ರ ಅವಳು ಇನ್ನೂ ಮೆತ್ತಗಾಗಿರಲಿಲ್ಲ.

"ಹಾಗಾದ್ರೆ ಬದಲಾಯಿಸು," ಎಂದಳು.

"ಬದಲಾಯಿಸ್ದೆ ಅಂತಾನೇ ತಿಳ್ಕೋ. ಅಪ್ಪಂಗೆ ಫೋನ್ ಕೊಡು."

"ಬೀದೀಲಿದೀನಿ ಕಣೋ."

"ಬೀದೀಲಿ ನಿಂತು ಬೈದ್ಯಾ?" ಎಂದು ಅಣ್ಣ ನಕ್ಕ. ಅವಳು ಫೋನ್ ಕಟ್ ಮಾಡಿದಳು.

ಮದುವೆ ಆರು ವಾರ ಮುಂದಕ್ಕೆ ಹೋಯಿತು. ಆ ವಾರದ ನೇರ ವಿಮಾನಕ್ಕೆ ಅರ್ಧಕ್ಕಿಂತಲೂ ಕಡಿಮೆ ದರ. ಅವಳು ಮೇಜಿನ ಮುಂದೆ ಕೂತು, ಐದು ಜನರ ಹೆಸರನ್ನೂ ಪಾಸ್‌ಪೋರ್ಟಿನ ಜೊತೆ ಅಕ್ಷರ ಅಕ್ಷರ ಹೋಲಿಸಿ, ಯಾರನ್ನೂ ನಂಬದೆ ತಾನೇ ಟಿಕೆಟ್ ತೆಗೆದಳು. ಗಂಡ ತನ್ನ ರಜೆಯನ್ನು ಡಿಪೋದ ಇನ್ನೊಬ್ಬನ ಜೊತೆ ಅದಲುಬದಲು ಮಾಡಿಕೊಂಡ. ಶಾಲೆ ರಜೆಯ ವಾರ ಸಿಕ್ಕಿತೆಂದು ಆ ಮನುಷ್ಯ ಇವನನ್ನು ಅಪ್ಪಿಕೊಂಡನಂತೆ.

ಶಾಲೆಯಲ್ಲಿ ಹೆಡ್‌ಮಿಸ್ ಒಪ್ಪಲಿಲ್ಲ. "ಶಾಲೆ ನಡೆಯುವಾಗ ಒಂದು ವಾರವೇ? ನಿಯಮದಲ್ಲಿ ಇಲ್ಲ. ರಜೆ ಇರೋದು ಯಾತಕ್ಕೆ?"

"ರಜೇಲಿ ಹೋಗೋಕೆ ಆಗೋದು ದುಡ್ಡಿರೋರಿಗೆ, ಮೇಡಂ. ನಾನು ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದೀನಿ," ಎಂದು ಪತ್ರವನ್ನು ಮೇಜಿನ ಮೇಲಿಟ್ಟಳು. ಮಗಳು ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಸ್ ಸ್ಟಾಪಿನ ತನಕ ಅಮ್ಮನ ಕೈ ಬಿಡಲಿಲ್ಲ, ಹದಿಮೂರು ವರ್ಷದವಳು.

ಭಾವ ಒಮ್ಮೆ ಮನೆಗೆ ಫೋನ್ ಮಾಡಿದ್ದ. ನಿನ್ನ ಹೆಂಡತಿ ಗಿರಾಕಿಗಳ ಎದುರು ಮಾನ ತೆಗೆದಳು, ಆ ಜೋಡಿ ಮತ್ತೆ ಬರಲೇ ಇಲ್ಲ, ಅವಳಿಂದ ಒಂದು ಕ್ಷಮೆ ಕೇಳಿಸು ಎಂದು. ಗಂಡ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಅಣ್ಣಾ, ಅವಳು ಕಡಿಮೆ ಬೈದು ಬಂದಿದಾಳೆ ಅಂತ ನನಗೇ ಬೇಜಾರಾಗಿದೆ," ಎಂದು ಫೋನ್ ಇಟ್ಟ. ಅವಳು ಅಡುಗೆಮನೆಯಲ್ಲಿ ಕೈಯಲ್ಲಿದ್ದ ಸೌಟು ಹಿಡಿದೇ ನಿಂತಳು. ಮದುವೆಯಾಗಿ ಹದಿನೈದು ವರ್ಷಕ್ಕೆ ಇದೇ ಮೊದಲ ಸಲ ಅವನ ಬಾಯಿಂದ ಇಂಥ ಮಾತು ಕೇಳುತ್ತಿದ್ದಳು.

ಹೊರಡುವ ದಿನ ವಿಮಾನದೊಳಗೆ ಕಾಲಿಟ್ಟಾಗ ಅವಳು ದಂಗಾದಳು. ಅರ್ಧ ವಿಮಾನ ಖಾಲಿ. ಮಗ ಮೂರು ಸೀಟಿನ ಮೇಲೆ ಉದ್ದಕ್ಕೆ ಮಲಗಿದ. ಅಪ್ಪ ಕಿಟಕಿಯ ಪಕ್ಕ ಕೂತು, ಬಲಗಾಲನ್ನು ಪಕ್ಕದ ಖಾಲಿ ಸೀಟಿನ ಮೇಲೆ ಚಾಚಿ, "ಎಷ್ಟು ಚೆನ್ನಾಗಿದೆ ನೋಡಮ್ಮ, ರಾಜನ ಹಾಗೆ," ಎಂದರು.

ಅವಳು ಸಾಲು ಸಾಲು ಖಾಲಿ ಕುರ್ಚಿಗಳನ್ನು ನೋಡುತ್ತಾ ನಿಂತೇ ಇದ್ದಳು. ಇದೇ ವಿಮಾನ, ಇದೇ ಬಟ್ಟೆಯ ಇದೇ ಸೀಟು, ಇಷ್ಟೇ ಎಣ್ಣೆ ಕುಡಿದು ಇಷ್ಟೇ ದೂರ ಹಾರುವುದು. ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದ ಒಂದೇ ಕಾರಣಕ್ಕೆ ಇದಕ್ಕೆ ಎರಡರಷ್ಟು ಬೆಲೆ ಕಟ್ಟಿದವರು ಯಾರು? ಅವರ ಮುಖವನ್ನು ಒಂದೇ ಒಂದು ಸಲ ನೋಡಬೇಕಿತ್ತು.

"ಕೂತ್ಕೊಳ್ಳಿ ಮೇಡಂ, ಬೆಲ್ಟ್ ಹಾಕ್ಬೇಕು," ಎಂದಳು ಗಗನಸಖಿ.

"ಕೂತ್ಕೋತೀನಿ. ಮೊದಲು ನೀವೊಂದು ಹೇಳಿ," ಎಂದು ಅವಳು ಶುರುಮಾಡಿದಳು. ಗಂಡ ಹಿಂದಿನಿಂದ ಸೆರಗು ಹಿಡಿದು ಮೆಲ್ಲಗೆ ಎಳೆದ.