ತೆಳ್ಳಗಿನ ಗೋಡೆ

ಸೌಟಮ್ಮ ಕೊಪ್ಪರಿಗೆಯನ್ನು ಅಡ್ಡ ಮಲಗಿಸಿ, ಅದರೊಳಗೆ ಅರ್ಧ ಮೈ ತೂರಿಸಿ ತಳ ಉಜ್ಜುತ್ತಿದ್ದಳು. ಹೊರಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಒದ್ದೆಯಾದ ಎರಡು ಕಾಲು, ಅಷ್ಟೆ.

"ಸೌಟಮ್ಮ, ಸ್ವಲ್ಪ ಹೊರಗೆ ಬನ್ನಿ," ಎಂದರು ಆಶ್ರಯಧಾಮದ ಮೇಲ್ವಿಚಾರಕಿ.

"ಇಲ್ಲಿಂದಾನೇ ಕೇಳುತ್ತೆ, ಹೇಳಿ ಮೇಡಂ." ಮಾತು ಬಾವಿಯ ಒಳಗಿನಿಂದ ಬಂದ ಹಾಗೆ ಗುಂಯ್‌ಗುಟ್ಟಿತು.

"ಊಟ ಬಡಿಸಿದ ಮೇಲೆ ವ್ಯಾನ್ ಬರುತ್ತೆ. ಆಸ್ಪತ್ರೆಯಿಂದ ಹೊಲಿಗೆಯಕ್ಕನ್ನ ನೇರ ಸ್ಮಶಾನಕ್ಕೇ ಕರ್ಕೊಂಡು ಹೋಗೋದು. ಅಷ್ಟರಲ್ಲಿ ಅವಳ ಕೋಣೆಯಿಂದ ಒಂದು ಜೊತೆ ಒಳ್ಳೆ ಬಟ್ಟೆ ತರಬೇಕು. ಅವಳ ತಮ್ಮ ದೂರದೂರಲ್ಲಿ ಹಾಸಿಗೆ ಹಿಡಿದಿದಾನಂತೆ. ಫೋನಲ್ಲೇ ಅತ್ತುಬಿಟ್ಟ. ನೀವೇ ಅವಳ ಮನೆಯವರು, ನೀವೇ ನಡೆಸಿಕೊಡಿ ಅಂದ. ಅವಳಿಗೆ ಯಾವ ಬಟ್ಟೆ ಇಷ್ಟ ಅಂತ ನಿಮಗಲ್ಲದೆ ಯಾರಿಗೆ ಗೊತ್ತು?"

"ಬೇರೆ ಯಾರನ್ನಾದ್ರೂ ಕಳಿಸಿ. ಆ ಕೋಣೆಗೆ ಕಾಲಿಡಲ್ಲ ಅಂತ ಅವಳ ಮುಖಕ್ಕೇ ಹೇಳಿದೀನಿ."

ಮೂಲೆಯಲ್ಲಿ ಬ್ರೆಡ್ಡು ಕತ್ತರಿಸುತ್ತಿದ್ದ ಬೊಚ್ಚುಬಾಯಿ ಅಜ್ಜಿ ಕತ್ತಿ ಎತ್ತಿದಳು. "ಅವಳು ಬದುಕಿದ್ದಾಗ ಹೇಳಿದ್ದು ಕಣೇ ಅದು. ಈಗ ಯಾರ ಹತ್ತಿರ ನಿನ್ನ ಜಂಭ?"

ಉಜ್ಜುವ ಸದ್ದು ನಿಂತಿತು. ಸೌಟಮ್ಮ ಹಿಂದಕ್ಕೆ ಸರಿದು ಸರಿದು ಹೊರಗೆ ಬಂದಳು. ಮುಖದ ತುಂಬ ಸೋಪಿನ ನೊರೆ. ಕಣ್ಣು ಕೆಂಪಾಗಿದ್ದದ್ದು ಸೋಪಿನಿಂದಲೇ ಎಂದು ಅಲ್ಲಿದ್ದವರೆಲ್ಲ ನಂಬಿದ ಹಾಗೆ ನಟಿಸಿದರು.

"ನೀವೇ ಅಲ್ವಾ ಮೇಡಂ, ಅವಳನ್ನ ಅಲ್ಲಿಗೆ ಕಳಿಸಿದ್ದು? ಇಲ್ಲಿದ್ದಿದ್ರೆ ನಲವತ್ತು ಹೆಂಗಸರು ಸುತ್ತ ಇರ್ತಿದ್ವಿ. ಕೆಮ್ಮಿದ್ರೆ ನಾಲ್ಕು ಜನ ಏಳ್ತಿದ್ವಿ. ಅಲ್ಲಿ ನಾಲ್ಕು ಗೋಡೆ ಮಧ್ಯೆ ಒಬ್ಬಳೇ ಬಿದ್ದಿದ್ಳು."

"ಆಸ್ಪತ್ರೆಯಲ್ಲಿ ಹೋಗಿದ್ದು ಸೌಟಮ್ಮ, ಕೋಣೆಯಲ್ಲಲ್ಲ."

"ಆಸ್ಪತ್ರೆಗೆ ಯಾವಾಗ ತಗೊಂಡು ಹೋದ್ರು? ಅದಕ್ಕೆ ಮುಂಚೆ ಎಷ್ಟು ಹೊತ್ತು ನೆಲದ ಮೇಲಿದ್ಳು? ಗೊತ್ತಾ ನಿಮಗೆ?"

ಮೇಲ್ವಿಚಾರಕಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ಬೇರೆಯದನ್ನೇ ಕೇಳಿದರು.

"ನಿಮ್ಮ ಕಾಗದ ಅಂಚೆಗೆ ಹಾಕಿದ್ರಾ?"

"ಇಲ್ಲ. ಇನ್ನು ಹಾಕೋದೂ ಇಲ್ಲ."

ಅದು ವಸತಿ ಸಂಘಕ್ಕೆ ಹೋಗಬೇಕಾದ ಒಪ್ಪಿಗೆಯ ಕಾಗದ. ದುಡಿಮೆ ನೋಡಿ ಬಾಡಿಗೆ ಗೊತ್ತುಮಾಡಿ ಕೋಣೆ ಕೊಡುವ ಆ ಸಂಘದವರು, ಇಷ್ಟು ವರ್ಷ ಕಾದ ಮೇಲೆ ಸೌಟಮ್ಮನಿಗೂ ಒಂದು ಕೋಣೆ ಇದೆ ಎಂದು ತಿಳಿಸಿದ್ದರು. ಬೇಕು ಎಂದು ಈ ವಾರದೊಳಗೆ ಬರೆಯದಿದ್ದರೆ ಅದು ಸಾಲಿನಲ್ಲಿ ಮುಂದಿನವರಿಗೆ ಹೋಗುತ್ತಿತ್ತು. ಮೇಲ್ವಿಚಾರಕಿ ಬರೆದುಕೊಟ್ಟಿದ್ದರು, ಸೌಟಮ್ಮ ಸಹಿ ಹಾಕಿದ್ದಳು, ನಾನೇ ಅಂಚೆಗೆ ಹಾಕುತ್ತೇನೆ ಎಂದು ಇಸಿದುಕೊಂಡೂ ಇದ್ದಳು. ಮೂರು ವಾರದಿಂದ ಅದು ಅವಳ ಚೀಲದಲ್ಲಿತ್ತು. ದಿನವೂ "ನಾಳೆ" ಎನ್ನುತ್ತಿದ್ದಳು. ಇವತ್ತು ಆ ಮಾತನ್ನೂ ಬಿಟ್ಟಳು.

ಅಂದು ಊಟಕ್ಕೆ ಬಂದವರ ಸಾಲು ಬೀದಿಯ ತಿರುವಿನ ತನಕ ಇತ್ತು. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ತಟ್ಟೆ ಹಿಡಿದು ಬಂದ ಮೂಟೆ ಹೊರುವವನು ಅಂಗಿಯ ತೋಳು ತೋರಿಸಿ, "ಇದು ಅವರದ್ದೇ ತೇಪೆ," ಎಂದ. ಸೌಟಮ್ಮ ತಲೆ ಎತ್ತದೆ ಬಡಿಸಿದಳು. ಬಡಿಸಿ ಮುಗಿದ ಮೇಲೆ ಕೈ ತೊಳೆದು, ಹೊರಗೆ ವ್ಯಾನಿನ ಪಕ್ಕ ಹೋಗಿ ನಿಂತಳು.

"ಬನ್ನಿ ಅಮ್ಮ, ಮುಂದೆ ಕೂತ್ಕೊಳ್ಳಿ," ಎಂದ ಡ್ರೈವರ್. ಬಡವರ ಮನೆಯ ಸಾವಿಗೆಂದು ಡ್ರೈವರುಗಳೇ ಸೇರಿ ಬಿಟ್ಟಿದ್ದ ವ್ಯಾನು ಅದು. ಬಾಡಿಗೆ ಇಲ್ಲ.

"ಬಟ್ಟೆ ತಗೊಂಡು ತಕ್ಷಣ ಬಂದುಬಿಡ್ತೀನಿ. ಕೂರಲ್ಲ ಅಲ್ಲಿ."

"ಕೂರಿ ಅಂತ ಯಾರು ಅಂದ್ರು?" ಎಂದಳು ಹಿಂದಿನ ಸೀಟಿನಿಂದ ಬೊಚ್ಚುಬಾಯಿ ಅಜ್ಜಿ. ಅವಳು ಯಾವಾಗ ಹತ್ತಿದಳೋ ಯಾರಿಗೂ ಗೊತ್ತಾಗಿರಲಿಲ್ಲ.

*

ಸೌಟಮ್ಮ ಧಾಮಕ್ಕೆ ಬಂದ ಮೊದಲ ರಾತ್ರಿ ಪಕ್ಕದ ಮಂಚದ ಹೊಲಿಗೆಯಕ್ಕ ಕೇಳಿದ ಮೊದಲ ಪ್ರಶ್ನೆ ಹೆಸರಲ್ಲ, ಊರಲ್ಲ.

"ಗೊರಕೆ ಹೊಡೀತೀಯಾ?"

"ಇಲ್ಲ."

"ಹಾಗಾದ್ರೆ ಕಷ್ಟ. ಇಲ್ಲಿ ಎಲ್ಲರೂ ಹೊಡೀತಾರೆ. ಜೊತೆಗೆ ಸೇರಿಕೊಂಡ್ರೇನೇ ನಿದ್ದೆ."

ಸೌಟಮ್ಮ ಆಗಿನ್ನೂ ಸೌಟಮ್ಮ ಆಗಿರಲಿಲ್ಲ. ದೊಡ್ಡ ಮನೆಯೊಂದರಲ್ಲಿ ಅಡುಗೆ ಮಾಡಿಕೊಂಡು, ಅದೇ ಮನೆಯ ಹಿಂದಿನ ಕೋಣೆಯಲ್ಲಿ ಇದ್ದವಳು. ಯಜಮಾನರು ಮನೆ ಮಾರಿದಾಗ ಕೆಲಸ, ಕೋಣೆ ಎರಡೂ ಒಂದೇ ದಿನ ಹೋದವು. ಟ್ರಂಕಿನ ಮೇಲೆ ಕೂತು ರೈಲು ನಿಲ್ದಾಣದಲ್ಲಿ ಕಳೆದ ರಾತ್ರಿಗಳ ಮಾತನ್ನು ಅವಳು ಯಾರ ಹತ್ತಿರವೂ ಆಡುತ್ತಿರಲಿಲ್ಲ. ಹೊಲಿಗೆಯಕ್ಕ ಮಾತ್ರ ತನ್ನದನ್ನು ಅಂಗಡಿಗೆ ಹೋಗಿ ಬಂದಷ್ಟು ಸಲೀಸಾಗಿ ಹೇಳಿದ್ದಳು. ಗಂಡ ಹೋದ. ಬಟ್ಟೆ ಕಾರ್ಖಾನೆ ಮುಚ್ಚಿತು. ಬಾಡಿಗೆ ಮನೆಯ ಮಾಲೀಕರು ಬೀಗ ಬದಲಾಯಿಸಿದರು. "ಆಮೇಲೆ ಇಲ್ಲಿ ಸೂಪು ಕುಡಿಯೋಕೆ ಬಂದೆ. ಉಪ್ಪಿರಲಿಲ್ಲ. ಹೇಳಿದೆ. ನಾಳೆಯಿಂದ ನೀನೇ ಹಾಕು ಅಂದ್ರು."

ಮಹಿಳಾ ಸಂಘದವರು ಕೊಟ್ಟ ಹಳೆಯ ಹೊಲಿಗೆ ಮೆಷಿನ್ನು ಧಾಮದ ವರಾಂಡದಲ್ಲಿತ್ತು. ಬೆಳಿಗ್ಗೆ ಅವಳು ಅಲ್ಲಿ ಕೂತರೆ, ಬೀದಿಯಲ್ಲಿ ಮಲಗುವವರು ಹರಿದದ್ದನ್ನು ಹಿಡಿದು ಬರುತ್ತಿದ್ದರು. ಹಾಕಿಕೊಂಡದ್ದೊಂದೇ ಬಟ್ಟೆ ಇದ್ದವರಿಗೆ ಕಂಬಳಿ ಸುತ್ತಿ ಕೂರಿಸಿ ಹೊಲಿದುಕೊಡುತ್ತಿದ್ದಳು. "ನಾಚಿಕೆ ಯಾಕೆ? ರಾಜರೂ ಅಳತೆ ಕೊಡೋವಾಗ ಹೀಗೇ ನಿಲ್ತಾರೆ," ಎನ್ನುತ್ತಿದ್ದಳು. ಸೌಟು ಹಿಡಿಯುವ ಕೆಲಸಕ್ಕೆ ಹೊಸಬಳ ಹೆಸರು ಹೇಳಿದವಳೂ ಅವಳೇ.

ನಾಲ್ಕು ವರ್ಷದ ಕೆಳಗೆ ಅವಳಿಗೆ ಕೋಣೆ ಬಂತು.

"ಬಾರೇ, ಒಂದು ಸಲ ನೋಡ್ಕೊಂಡು ಹೋಗು."

"ಬರಲ್ಲ. ಹೋಗೋಳು ಹೋಗು. ಆ ಕೋಣೆ ಮಾತನ್ನೂ ನನ್ನ ಹತ್ತಿರ ಎತ್ತಬೇಡ."

ಹೊಲಿಗೆಯಕ್ಕ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ನಡೆದುಕೊಂಡೇ ಬಂದು ವರಾಂಡದಲ್ಲಿ ಮೆಷಿನ್ನಿನ ಮುಂದೆ ಕೂತಳು. ಆಮೇಲೆ ದಿನವೂ ಬಂದಳು. ಸೌಟಮ್ಮ ದಿನವೂ ಅವಳಿಗೆ ಚಹಾ ತಂದುಕೊಟ್ಟಳು. ಊರಿನ ಮಾತೆಲ್ಲ ಬರುತ್ತಿತ್ತು, ಆ ಕೋಣೆಯ ಮಾತೊಂದು ಬಿಟ್ಟು.

*

ಕಟ್ಟಡ ಉದ್ದವಾಗಿತ್ತು. ಮೇಲಿನ ಮಹಡಿಯ ಮೊಗಸಾಲೆಯಲ್ಲಿ ಸಾಲಾಗಿ ಬಾಗಿಲುಗಳು. ಹೊಲಿಗೆಯಕ್ಕನದು ಕೊನೆಯದು. ಅದರ ಮುಂದೆ ಸ್ಟೂಲು ಹಾಕಿಕೊಂಡು, ಬೀಗದ ಕೈ ಹಿಡಿದು ಒಬ್ಬ ಮುದುಕ ಕೂತಿದ್ದ. ದೊಡ್ಡ ಅಂಗೈ, ಉಗುರಿನ ಸುತ್ತ ಸುಣ್ಣದ ಬಿಳುಪು.

"ಬಟ್ಟೆಗೆ ಬಂದಿರಾ ತಂಗಿ? ನಾನು ಪಕ್ಕದ ಕೋಣೆಯವನು. ಗಾರೆ ಕೆಲಸ ಮಾಡ್ತಿದ್ದೆ, ಈಗ ಮೊಣಕಾಲು ಬಿಡಲ್ಲ." ಬಾಗಿಲು ತೆಗೆದ. "ನೀವು ಸೌಟಮ್ಮ ಅಲ್ವಾ?"

"ಹೇಗೆ ಗೊತ್ತಾಯ್ತು?"

"ಮುಖ ಗಂಟು ಹಾಕ್ಕೊಂಡು ಬರ್ತಾಳೆ ಅಂತ ಹೇಳಿದ್ಳು. ಯಾವತ್ತಾದ್ರೂ ಒಂದು ದಿನ ಬರ್ತಾಳೆ ಅಂತಾನೂ ಹೇಳಿದ್ಳು."

ಅಜ್ಜಿ ಕಿಸಕ್ಕೆಂದಳು. ಸೌಟಮ್ಮ ಹೊಸ್ತಿಲ ಹೊರಗೇ ನಿಂತು ಒಳಗೆ ನೋಡಿದಳು. ಒಂದು ಮಂಚ, ಒಂದು ಒಲೆ, ಕಿಟಕಿಗೆ ಬೇರೆ ಬೇರೆ ತುಂಡು ಜೋಡಿಸಿ ಹೊಲಿದ ಪರದೆ. ಮೊಳೆಗೆ ಅಳತೆಯ ಟೇಪು ನೇತುಹಾಕಿತ್ತು. ಕೋಣೆ ಅವಳು ಅಂದುಕೊಂಡಷ್ಟು ಕತ್ತಲೆಯಾಗಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಎಲ್ಲಿ ಬಿದ್ದಿದ್ಳು?"

"ಮಂಚದ ಪಕ್ಕ."

"ಎಷ್ಟು ಹೊತ್ತು?"

ಮುದುಕ ಅವಳನ್ನು ನೋಡಿದ. ಅವಳು ಕೇಳುತ್ತಿರುವುದು ಏನು ಎಂಬುದು ಅವನಿಗೆ ತಿಳಿಯಿತು. ಗೋಡೆಯ ಹತ್ತಿರ ಹೋಗಿ ಅಂಗೈ ಊರಿದ.

"ಈ ಗೋಡೆ ನೋಡಿ. ಒಂದೇ ಇಟ್ಟಿಗೆ, ಅದೂ ಮಗ್ಗುಲಲ್ಲಿ ನಿಲ್ಲಿಸಿ ಕಟ್ಟಿರೋದು. ಗಾರೆಯಲ್ಲಿ ಬರೀ ಮರಳು. ನಾನು ಕಟ್ಟಿದ್ದಿದ್ರೆ ಈಚೆ ಡೋಲು ಬಾರಿಸಿದ್ರೂ ಆಚೆ ಕೇಳ್ತಿರಲಿಲ್ಲ. ಕೆಟ್ಟದಾಗಿ ಕಟ್ಟಿದಾರೆ. ನಮ್ಮ ಪುಣ್ಯ."

"ಪುಣ್ಯ ಏನು ಬಂತು ಇದರಲ್ಲಿ?"

"ಬಂದ ಹೊಸದರಲ್ಲಿ ಅವಳಿಗೆ ನಿದ್ದೇನೇ ಬರ್ತಿರಲಿಲ್ಲ. ನಲವತ್ತು ಜನರ ಉಸಿರು ಕೇಳಿ ಮಲಗಿದೋಳು. ಒಂದು ರಾತ್ರಿ ದಬದಬ ಗೋಡೆ ಬಡಿದ್ಳು. ಏನೋ ಆಯ್ತು ಅಂತ ಬಿದ್ದು ಎದ್ದು ಓಡಿ ಬಂದೆ. ಬಾಗಿಲು ತೆಗೆದು ಏನಂದ್ಳು ಗೊತ್ತಾ? 'ಏನಿಲ್ಲಣ್ಣ, ಆಚೆ ಯಾರಾದ್ರೂ ಇದಾರಾ ಅಂತ ನೋಡಿದೆ.' ಬಾಯಿಗೆ ಬಂದ ಹಾಗೆ ಬೈದು ಹೋದೆ."

"ಬೈಸ್ಕೊಳ್ಳೋ ಕೆಲಸಾನೇ," ಎಂದಳು ಅಜ್ಜಿ.

"ಹೋಗಿ ಮಲಗಿದ್ರೆ ನನಗೇ ನಿದ್ದೆ ಇಲ್ಲ. ನಾನೂ ಹತ್ತು ವರ್ಷ ಫುಟ್‌ಪಾತಲ್ಲಿ ಮಲಗಿದೋನು. ಗುಂಪಲ್ಲಿ ಮಲಗಿದವರಿಗೆ ಗೊತ್ತು ಅದು. ಮಾರನೇ ರಾತ್ರಿ ನಾನೇ ತಟ್ಟಿದೆ. ಅವಳು ತಟ್ಟಿದ್ಳು. ಅವತ್ತಿನಿಂದ ಮಲಗೋ ಮುಂಚೆ ದಿನಾ. ಅವಳು ನನಗೆ, ನಾನು ನನ್ನ ಆಚೆಯವಳಿಗೆ, ಅವಳು ಅದರಾಚೆಯವನಿಗೆ. ಹಾಗೇ ಮೆಟ್ಟಿಲ ತನಕ ಹೋಗುತ್ತೆ. ಕೊನೇ ಕೋಣೆ ಅವಳದ್ದಲ್ವಾ, ಶುರು ಅವಳಿಂದಲೇ."

ಸೌಟಮ್ಮ ತಿರುಗಿ ಮೆಟ್ಟಿಲ ತನಕದ ಬಾಗಿಲುಗಳನ್ನು ನೋಡಿದಳು.

"ಮೊನ್ನೆ ತಟ್ಟಲಿಲ್ಲ. ಹಲ್ಲು ತೊಳೀತಿದಾಳೇನೋ ಅಂದ್ಕೊಂಡೆ. ನಾನೇ ತಟ್ಟಿದೆ. ಉತ್ತರ ಇಲ್ಲ, ಏನೋ ಬಿದ್ದ ಸದ್ದು ಮಾತ್ರ. ಇನ್ನೊಂದು ಬೀಗದ ಕೈ ನನ್ನ ಹತ್ತಿರಾನೇ ಇತ್ತು. ನಾನು ಬಾಗಿಲು ತೆಗೆದಾಗ ಅವಳ ಕೈಯಿಂದ ಬಿದ್ದ ಲೋಟ ಇನ್ನೂ ಉರುಳ್ತಾ ಇತ್ತು ತಂಗಿ. ಅಷ್ಟೇ ಹೊತ್ತು."

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಆಚೆ ಕೋಣೆಯವಳು ತಲೆ ತೊಡೆ ಮೇಲೆ ಇಟ್ಕೊಂಡ್ಳು. ಕೆಳಗಿನ ಮನೆ ಹುಡುಗಿ ಉಚಿತ ಕ್ಲಿನಿಕ್ಕಿನಲ್ಲಿ ನರ್ಸು, ಓಡಿ ಬಂದ್ಳು. ಆಂಬುಲೆನ್ಸಲ್ಲಿ ನಾವು ಮೂರು ಜನ ಹೋದ್ವಿ. ಬೆಳಗಾಗೋ ತನಕ ಅವಳ ಕೈ ಬಿಡಲಿಲ್ಲ. ನರ್ಸು ಹುಡುಗಿ ಕಾಲು ಒತ್ತಿದ್ರೆ, ಕಚಗುಳಿ ಆಗುತ್ತೆ ಅಂತ ನಕ್ಕಳು. ಆಮೇಲೆ ನಿದ್ದೆ ಹೋದ್ಳು, ಏಳಲಿಲ್ಲ."

ಸೌಟಮ್ಮ ಹೊಸ್ತಿಲು ದಾಟಿದಳು. ಒಳಗೆ ಹೋಗಿ ಮಂಚದ ಅಂಚಿನ ಮೇಲೆ, ಕೂರಲ್ಲ ಎಂದಿದ್ದವಳು, ಕೂತಳು. ಕೋಣೆಯಲ್ಲಿ, ಹೊಲಿಗೆಯಕ್ಕನ ಬಟ್ಟೆಗೆ ಅಂಟಿ ಬಂದ ಮೆಷಿನ್ನಿನ ಎಣ್ಣೆಯ ವಾಸನೆ ಇತ್ತು. ಗೋಡೆಯಾಚೆ ಯಾರೋ ಕೆಮ್ಮಿದ್ದು, ಅದರಾಚೆ ಯಾರದೋ ರೇಡಿಯೊ, ಎಲ್ಲ ಕೇಳುತ್ತಿತ್ತು. ತುಂಬ ಹೊತ್ತು ಕೇಳುತ್ತ ಕೂತಳು. ಕೆಳಗೆ ಡ್ರೈವರ್ ಹಾರನ್ ಒತ್ತಲಿಲ್ಲ.

ಕೊನೆಗೆ ಎದ್ದು ಪೆಟ್ಟಿಗೆ ತೆರೆದು ನೀಲಿ ಬಟ್ಟೆಯನ್ನು ಎತ್ತಿಕೊಂಡಳು. "ಇದೇ. ಇದರ ಅಂಚನ್ನ ಮೂರು ಸಲ ಬಿಚ್ಚಿ ಹೊಲಿದಿದ್ಳು, ಸರಿಯಾಗಿಲ್ಲ ಅಂತ."

"ಸರಿಯಾಗೇ ಇದೆ," ಎಂದ ಮುದುಕ.

"ಅವಳ ಮುಂದೆ ಹೇಳಬೇಕಿತ್ತು ನೀವು."

*

ನಗರಸಭೆಯವರು ಬಿಟ್ಟುಕೊಟ್ಟ ಜಾಗದಲ್ಲಿ ಗುಂಡಿ ತೋಡಿತ್ತು. ಅಷ್ಟು ಜನ ಬರುತ್ತಾರೆಂದು ಸೌಟಮ್ಮ ಅಂದುಕೊಂಡಿರಲಿಲ್ಲ. ಧಾಮದ ಹೆಂಗಸರು ತಲೆ ಬಾಚಿಕೊಂಡು ಸಾಲಾಗಿ ನಿಂತಿದ್ದರು. ಸಂಜೆ ಉಳಿದ ತರಕಾರಿಯನ್ನು ಅಡುಗೆಮನೆಗೆ ಕೊಟ್ಟು ಹೋಗುವ ವ್ಯಾಪಾರಿ ಅಂಗಡಿ ಮುಚ್ಚಿ ಬಂದಿದ್ದ. ಮೂಟೆ ಹೊರುವವನು, ನರ್ಸು ಹುಡುಗಿ, ಮೊಗಸಾಲೆಯ ಅಷ್ಟೂ ಬಾಗಿಲಿನವರು ಅಲ್ಲಿದ್ದರು.

ಎಲ್ಲರೂ ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಮುದುಕ ಮಾತ್ರ ಹಾಕಿದ ಮೇಲೆ ಅಂಗೈಯಿಂದ ತಟ್ಟಿ ಸಮ ಮಾಡಿದ. ಅದು ಅವನ ಕೈಯ ಅಭ್ಯಾಸ.

"ಇಲ್ಲಿರೋರಲ್ಲಿ ಅವಳ ಹೊಲಿಗೆ ಮೈಮೇಲಿಲ್ಲದವನು ನೀನೊಬ್ಬನೇ ಅಂತ ಕಾಣುತ್ತೆ," ಎಂದಳು ಅಜ್ಜಿ, ಡ್ರೈವರನಿಗೆ.

"ನನ್ನ ವ್ಯಾನಿನ ಸೀಟು ಕವರು ಯಾರು ಹೊಲಿದಿದ್ದು ಅಂದ್ಕೊಂಡ್ರಿ? ನೀವು ಅದರ ಮೇಲೇ ಕೂತು ಬಂದ್ರಲ್ಲ ಅಜ್ಜಿ," ಎಂದ ಅವನು.

ಮೇಲ್ವಿಚಾರಕಿ ಸೌಟಮ್ಮನ ಪಕ್ಕ ಬಂದು ನಿಂತರು. ಸೌಟಮ್ಮ ಅವರ ಮುಖ ನೋಡದೆ ಹೇಳಿದಳು: "ಬೆಳಿಗ್ಗೆ ಜೋರು ಮಾಡಿದೆ ಮೇಡಂ. ಅವಳನ್ನ ಒಳ್ಳೆ ಕಡೆಗೇ ಕಳಿಸಿದ್ರಿ."

ಮೇಲ್ವಿಚಾರಕಿ ಅವಳ ಭುಜದ ಮೇಲೆ ಕೈ ಇಟ್ಟರು. ಕಾಗದದ ಮಾತು ಎತ್ತಲಿಲ್ಲ.

ವಾಪಸು ಬರುವಾಗ ವ್ಯಾನಿನ ತುಂಬ ಜನ. ಸೌಟಮ್ಮ ಹಿಂದಕ್ಕೆ ತಿರುಗಿದಳು.

"ಅಣ್ಣ, ಸಂಘದವರು ನನಗೆ ಕೊಡ್ತೀವಿ ಅಂದಿರೋದು ಮಾರುಕಟ್ಟೆ ಹಿಂದಿನ ಕಟ್ಟಡದಲ್ಲಿ. ಅಲ್ಲಿ ಗೋಡೆ ಹೇಗಿದೆ?"

"ಮಾರುಕಟ್ಟೆ ಹಿಂದಿಂದಾ?" ಮುದುಕ ಗಂಭೀರವಾಗಿ ತಲೆ ಆಡಿಸಿದ. "ಅದನ್ನೂ ಅದೇ ಮೇಸ್ತ್ರೀನೇ ಕಟ್ಟಿದ್ದು. ನಮ್ಮದಕ್ಕಿಂತ ಕಡೆ. ಪಕ್ಕದವರು ಆಕಳಿಸಿದ್ರೆ ನಿಮಗೂ ಆಕಳಿಕೆ ಬರುತ್ತೆ."

ಮೊದಲು ನಕ್ಕವಳು ಅಜ್ಜಿ. ಆಮೇಲೆ ನರ್ಸು ಹುಡುಗಿ. ಆಮೇಲೆ, ಸಾವಿಗೆ ಹೋಗಿ ಬರುತ್ತಿದ್ದೇವೆ ಎಂಬುದನ್ನು ಮರೆತು, ಇಡೀ ವ್ಯಾನು.

"ಡ್ರೈವರಪ್ಪ," ಎಂದಳು ಸೌಟಮ್ಮ, "ಆ ಮೂಲೇಲಿ ಸ್ವಲ್ಪ ನಿಲ್ಸು."

ಅವನು ಯಾಕೆಂದು ಕೇಳದೆ ಅಂಚೆ ಡಬ್ಬಿಯ ಪಕ್ಕದಲ್ಲೇ ನಿಲ್ಲಿಸಿದ. ಅವಳು ಇಳಿದು ಚೀಲದೊಳಗೆ ಕೈ ಹಾಕಿದಳು. ಲಕೋಟೆಗೆ ಅಡುಗೆಮನೆಯ ಎಣ್ಣೆ ಹತ್ತಿತ್ತು, ಮೂಲೆ ಮುದುರಿತ್ತು. ಡಬ್ಬಿಯ ಮೇಲಿಟ್ಟು ಅಂಗೈಯಿಂದ ನೇವರಿಸಿದಳು. ಅವಳ ಬೆರಳಿನ ಮಣ್ಣು ವಿಳಾಸದ ಕೆಳಗೆ ಒಂದು ಗೆರೆ ಎಳೆಯಿತು.

"ಏ ಸೌಟು, ಸ್ಟಾಂಪ್ ಅಂಟಿಸಿದೀಯೇನೇ?" ಎಂದು ಅಜ್ಜಿ ಕಿಟಕಿಯಿಂದ ಕೂಗಿದಳು.

"ಮೂರು ವಾರದ ಹಿಂದೇನೇ ಅಂಟಿಸಿದೀನಿ. ಸುಮ್ಮನಿರಜ್ಜಿ."

ಹಿಂದೆ ನಿಂತ ಲಾರಿಯವನು ಹಾರನ್ ಒತ್ತಿದ. ವ್ಯಾನಿನ ಕಿಟಕಿಗಳಲ್ಲೆಲ್ಲ ಮುಖಗಳು. ಡಬ್ಬಿಯ ಒಳಗೆ, ಬೇರೆ ಕಾಗದಗಳ ಮೇಲೆ, ಸಣ್ಣ ಸದ್ದಾಯಿತು.

"ಬಿತ್ತೇನೇ?"

"ಬಿತ್ತು," ಎಂದಳು ಸೌಟಮ್ಮ. ಅವಳ ಕೈ ಮಾತ್ರ ಮಣಿಕಟ್ಟಿನವರೆಗೆ ಇನ್ನೂ ಡಬ್ಬಿಯ ಬಾಯೊಳಗೇ ಇತ್ತು.