ವರ್ಷಕ್ಕೊಂದೇ ಡೋಸು

“ಈ ಮನೆಯಲ್ಲೇ ಇದ್ದುಕೊಂಡು ನನ್ನ ಬುಡಕ್ಕೇ ಕೊಡಲಿ ಹಾಕಿದೆಯಲ್ಲಮ್ಮ!”

ಮಾವ ವರದಿಯ ಹಾಳೆಗಳನ್ನು ಊಟದ ಮೇಜಿನ ಮೇಲೆ ಒಗೆದ ರಭಸಕ್ಕೆ ನೀರಿನ ಲೋಟ ಉರುಳಿತು. ಸೊಸೆ ಅದನ್ನು ಎತ್ತಲು ಹೋಗಲಿಲ್ಲ. ಗಂಡ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ. ಅಪ್ಪನಿಗೂ ಹೆಂಡತಿಗೂ ಜಟಾಪಟಿ ಹತ್ತಿದಾಗಲೆಲ್ಲ ಅವನಿಗೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವ ಹುಕಿ ಬರುತ್ತಿತ್ತು.

ಮಾವ ಮೂಳೆ ಡಾಕ್ಟರು. ವಿಟಮಿನ್ ಡಿ ಕಡಿಮೆಯಿರುವ ವಯಸ್ಸಾದವರೇ ಹೆಚ್ಚು ಬೀಳುತ್ತಾರೆ ಎಂದು ತೋರಿಸಿಕೊಟ್ಟು ಹೆಸರು ಮಾಡಿದವರು. ದಿನಾ ಮಾತ್ರೆ ನುಂಗುವ ರಗಳೆ ಯಾಕೆ, ವರ್ಷಕ್ಕೊಮ್ಮೆ ದೊಡ್ಡ ಡೋಸು ಕುಡಿಸಿಬಿಡಿ ಎಂಬುದು ಅವರ ಮಂತ್ರ. ಅವರು ನಿವೃತ್ತರಾದ ಮೇಲೆ, ಅದೇ ಸಂಸ್ಥೆಯಲ್ಲಿ ಆ ಮಂತ್ರವನ್ನು ಒರೆಗೆ ಹಚ್ಚುವ ಕೆಲಸ ಸೊಸೆಯ ಪಾಲಿಗೆ ಬಂತು. ಅರ್ಧ ಜನರಿಗೆ ನಿಜವಾದ ಔಷಧ, ಉಳಿದವರಿಗೆ ಹಾಗೆಯೇ ಕಾಣುವ ಬರೀ ಎಣ್ಣೆ; ಯಾರಿಗೆ ಯಾವುದೆಂದು ಕುಡಿಸಿದವರಿಗೂ ಗೊತ್ತಿರಲಿಲ್ಲ. ಈ ವಾರ ಗುಟ್ಟು ಬಿಚ್ಚಿ ನೋಡಿದರೆ, ಔಷಧ ಕುಡಿದವರೇ ಹೆಚ್ಚು ಬಿದ್ದಿದ್ದರು.

“ಹಾಗಾದ್ರೆ ನಾನು ಕಂಡುಹಿಡಿದದ್ದು ಸುಳ್ಳಾ?”

“ಸುಳ್ಳಲ್ಲ ಮಾವ. ಕೈಕಾಲು ಸೋತವರು ಮನೆ ಬಿಟ್ಟು ಹೊರಗೆ ಬರಲ್ಲ, ಬಿಸಿಲು ಕಾಣಲ್ಲ. ಅದಕ್ಕೇ ಅವರಲ್ಲಿ ಡಿ ಕಡಿಮೆ; ಬೀಳೋದು ಕೈಕಾಲು ಸೋತದ್ದಕ್ಕೆ, ಡಿ ಕಡಿಮೆಯಾದದ್ದಕ್ಕಲ್ಲ. ನೀವು ಹಸುವನ್ನ ಬಾಲದ ಕಡೆಯಿಂದ ಹಿಡ್ಕೊಂಡ್ರಿ.”

“ಮೊನ್ನೆ ಮೊನ್ನೆ ಕಣ್ಣು ಬಿಟ್ಟವಳು ನನಗೆ ಪಾಠ ಹೇಳ್ತೀಯಾ? ಒಂದು ವರ್ಷ ಇದನ್ನ ತಡೆ. ಇನ್ನೊಂದು ಸಲ ಪರೀಕ್ಷೆ ಮಾಡಿಸು.”

“ಅಷ್ಟರಲ್ಲಿ ಇನ್ನೆಷ್ಟು ಜನ ಕುಡೀಬೇಕು? ವರದಿ ಕಳಿಸಿಯಾಯ್ತು.” ಅವಳ ದನಿಯೂ ಏರಿತು. “ನೀವು ಮನೇಲಿ ಅತ್ತೆಗೆ ಆ ಡೋಸು ಕುಡಿಸೋ ದಿನಾನೇ ಹೇಳಿದ್ದೆ, ಫಲಿತಾಂಶ ಬರೋವರೆಗೆ ತಡೀರಿ ಅಂತ. ನಕ್ಕುಬಿಟ್ರಿ!”

ಅಡುಗೆಮನೆಯ ನಲ್ಲಿ ಗಕ್ಕನೆ ನಿಂತಿತು. ಮಲಗುವ ಕೋಣೆಯ ಬಾಗಿಲಲ್ಲಿ ಅತ್ತೆ ವಾಕರ್ ಹಿಡಿದು ನಿಂತಿದ್ದರು. ಹಿಂದಿನ ತಿಂಗಳು ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಯಾರ ಆಸರೆಯೂ ಇಲ್ಲದೆ ಅವರು ಅಲ್ಲಿವರೆಗೆ ಬಂದಿದ್ದು ಇದೇ ಮೊದಲು.

“ನಾನು ಬಿದ್ದಿದ್ದು ಅದರಿಂದಾನೇನಾ?”

“ಅಲ್ಲ,” ಎಂದರು ಮಾವ.

“ಹೇಳೋಕಾಗಲ್ಲ ಅತ್ತೆ,” ಎಂದಳು ಸೊಸೆ. “ಸಾವಿರ ಜನರ ಲೆಕ್ಕ ಹೇಳಬಹುದು. ಒಬ್ಬರದು ಹೇಳೋಕೆ ಬರಲ್ಲ.”

“ಒಬ್ಬರು ಗೊತ್ತು ಅಂತ ಕುಡಿಸಿದ್ರು. ಇನ್ನೊಬ್ಬಳು ಗೊತ್ತಿಲ್ಲ ಅಂತ ಕೈ ತೊಳ್ಕೊಂಡಳು.” ಅತ್ತೆಗೆ ಉಸಿರು ಕಟ್ಟುತ್ತಿತ್ತು. “ತಡೀರಿ ಅಂತ ನೀನು ಹೇಳಿದ್ದು ಯಾರಿಗೆ?”

“ಮಾವನಿಗೆ.”

“ಕುಡಿದಿದ್ದು ಯಾರು?”

ಪರೀಕ್ಷೆಗೆ ಸೇರಿದ ಒಬ್ಬೊಬ್ಬ ಅಜ್ಜಿಯ ಪಕ್ಕದಲ್ಲೂ ಕೂತು, ಏನು ಕುಡಿಸುತ್ತೇವೆ, ಏನಾಗಬಹುದು ಎಂದು ಬಿಡಿಸಿ ಹೇಳಿದವಳು ಇದೇ ಸೊಸೆ. ಬೇಡ ಅಂದವರನ್ನು ಒತ್ತಾಯಿಸದೆ ಕೈಮುಗಿದು ಕಳಿಸಿದ್ದಳು. ಆದರೆ ಇಲ್ಲಿ, ಇದೇ ಮೇಜಿನ ಮುಂದೆ ಅತ್ತೆ ಚಮಚ ಹಿಡಿದು ಕೂತಿದ್ದಾಗ, ಅವರ ತಲೆಯ ಮೇಲಿಂದ ಮಾವನ ಜೊತೆ ವಾದಕ್ಕೆ ಇಳಿದಿದ್ದಳು. ಮಾವನ ಬಾಯಿ ಮುಚ್ಚಿಸುವುದೇ ಅವತ್ತು ಅವಳಿಗೆ ಮುಖ್ಯವಾಗಿತ್ತು.

“ಎರಡು ಕೋಣ ಕಾದಾಡಿದ್ರೆ ಸಾಯೋದು ಗಿಡ ಅಂತಾರೆ,” ಎಂದರು ಅತ್ತೆ. “ಗಿಡಕ್ಕೆ ಬಾಯಿಲ್ಲ. ನನಗಿತ್ತಲ್ಲ. ಯಾರಾದ್ರೂ ಒಬ್ಬರು ಕೇಳಬಹುದಿತ್ತು.”

ಅವರು ವಾಕರನ್ನು ಅಡುಗೆಮನೆಯ ಕಡೆ ತಿರುಗಿಸಿದರು. ಮಾವ ಧಾವಿಸಿದರು.

“ಏನು ಬೇಕು ಹೇಳು, ನಾನು ತಂದುಕೊಡ್ತೀನಿ.”

“ಮುಟ್ಟಬೇಡಿ.”

ಸೊಸೆ ಇನ್ನೊಂದು ಪಕ್ಕಕ್ಕೆ ಬಂದಳು.

“ನೀನೂ ಅಷ್ಟೇ.”

ವಾಕರ್ ಕಟಕ್ಕೆಂದು ಮುಂದೆ ಸರಿಯಿತು. ಅದರ ಹಿಂದೆ ಒಂದು ಕಾಲು, ತಡೆದು ಇನ್ನೊಂದು. ಮಗ ಸೋಪಿನ ಕೈಯಲ್ಲೇ ಬಾಗಿಲು ಬಿಟ್ಟು ಗೋಡೆಗೆ ಅಂಟಿಕೊಂಡ. ಮಾವ ಆಚೆ, ಸೊಸೆ ಈಚೆ. ಮುಟ್ಟಲಾರದೆ, ಚಾಚಿದ ಕೈ ಹಿಂದಕ್ಕೂ ತೆಗೆಯಲಾರದೆ, ಅತ್ತೆಯ ಹೆಜ್ಜೆಗೆ ಸರಿಯಾಗಿ ಇಬ್ಬರೂ ಹೆಜ್ಜೆ ಹಾಕಿದರು.